ಚೆಂಡಿಗಿಂತ ಮೊದಲು ಪಾದ: ಕಾಲ್ಚೆಂಡಾಟದ ಮಕ್ಕಳಿಗೆ ಅಂಗಸಮನ್ವಯದ ಶಿಕ್ಷಣ

ನಮ್ಮ ಉಚ್ಚಂಗಿದುರ್ಗದ ಸುತ್ತಿನ ಹಳ್ಳಿಗಳಲ್ಲಿ ಆಟವೆಂದರೆ ಮೊದಲಿನಿಂದಲೂ ಕಬಡ್ಡಿ ಮತ್ತು ಖೋ ಖೋ. ಅನಂತರ ಸುಗ್ಗಿ ಮುಗಿದ ಹೊಲಗಳಲ್ಲಿ ಕ್ರಿಕೆಟ್. ಕಾಲ್ಚೆಂಡು ನಮ್ಮ ಕಡೆಗೆ ತಡವಾಗಿ ಬಂದ ಅತಿಥಿ. 2022ರ ಡಿಸೆಂಬರಿನಲ್ಲಿ ಅರ್ಜೆಂಟೀನಾ ದೇಶವು ವಿಶ್ವಕಪ್ ಗೆದ್ದ ಮೇಲಂತೂ ಬಿಳಿ-ನೀಲಿ ಪಟ್ಟೆಯ ಅಂಗಿ ತೊಟ್ಟ ಹುಡುಗರು ಹರಪನಹಳ್ಳಿಯ ಸಂತೆಯಲ್ಲಿಯೂ ಕಾಣಿಸತೊಡಗಿದರು. ಮರುವರ್ಷದ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮ ಕರ್ನಾಟಕವು 54 ವರ್ಷಗಳ ತರುವಾಯ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಆ ಸುದ್ದಿಗಿಂತ ಮೆಸ್ಸಿಯ ಹೆಸರೇ ನಮ್ಮ ಮಕ್ಕಳಿಗೆ ಹೆಚ್ಚು ಪರಿಚಿತ, ಇರಲಿ. ಆಟವು ಬಂದೊಡನೆ ಅದರ ನೋವುಗಳೂ ನನ್ನ ಚಿಕಿತ್ಸಾಲಯದ ಬಾಗಿಲಿಗೆ ಬಂದವು.

ಅವುಗಳಲ್ಲಿ ಒಂದು ಪ್ರಕರಣವನ್ನು ಹೇಳಬೇಕು. ಏಕೆಂದರೆ ಅದರಲ್ಲಿ ತಪ್ಪಿದವನು ನಾನು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಲಪಾದ ಉಳುಕಿಸಿಕೊಂಡು ಬಂದ. ಹೊರಗಣ್ಣಿನ ಕೆಳಗೆ ಮೊಟ್ಟೆಯಷ್ಟು ಊತ. ಮೂಳೆ ಮುರಿದಿಲ್ಲವೆಂದು ಖಚಿತಪಡಿಸಿಕೊಂಡು ಲೇಪ ಹಾಕಿದೆ, ಪಟ್ಟಿ ಕಟ್ಟಿದೆ, ಎರಡು ವಾರ ವಿಶ್ರಾಂತಿ ಹೇಳಿದೆ. ಊತ ಇಳಿಯಿತು, ನೋವು ಹೋಯಿತು, ಹುಡುಗ ಮೈದಾನಕ್ಕೆ ಹೋದ. ಎರಡು ತಿಂಗಳಿಗೆ ಅದೇ ಪಾದ, ಅದೇ ಜಾಗ. ಮತ್ತೆ ಅದೇ ಲೇಪ. ಒಂದು ವರ್ಷದೊಳಗೆ ಮೂರನೆಯ ಸಲ ಕರೆತಂದಾಗ ಅವನ ತಂದೆ ಬೇಸರದಿಂದ, "ಎಣ್ಣಿ ಹಚ್ಚಿದ್ರ ಹೋಗ್ತೈತಿ, ಆಟಕ್ಕ ಹೋದ್ರ ಬರ್ತೈತಿ. ಇದೇನು ಬ್ಯಾನಿ ಡಾಕ್ಟ್ರೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂರನೆಯ ಊತ ಇಳಿದ ಮೇಲೆ ಹುಡುಗನನ್ನು ಒಂಟಿಕಾಲಿನ ಮೇಲೆ ಕಣ್ಣುಮುಚ್ಚಿ ನಿಲ್ಲಿಸಿದೆ. ಎಡಗಾಲಿನ ಮೇಲೆ ಇಪ್ಪತ್ತು ಎಣಿಸುವವರೆಗೆ ನಿಂತ. ಬಲಗಾಲಿನ ಮೇಲೆ ಐದು ಎಣಿಸುವುದರೊಳಗೆ ನನ್ನ ಮೇಜನ್ನು ಹಿಡಿದುಕೊಂಡ. ನೋವಿಲ್ಲ, ಊತವಿಲ್ಲ, ಒತ್ತಿ ನೋಡಿದರೆ ಯಾವ ದೋಷವೂ ಇಲ್ಲ. ಆದರೂ ಆ ಪಾದಕ್ಕೆ ತಾನು ಎಲ್ಲಿದ್ದೇನೆ ಎಂಬ ಅರಿವೇ ಕುಂದಿತ್ತು.

ಇದಕ್ಕೆ ಕಾರಣವುಂಟು. ನಮ್ಮ ಸುಶ್ರುತಾಚಾರ್ಯರು ಸಂಧಿಗಳನ್ನು ಬಿಗಿದಿಡುವ ನಾರುಗಳಿಗೆ 'ಸ್ನಾಯು' ಎಂದು ಹೆಸರಿಟ್ಟು, ದೋಣಿಯ ಹಲಗೆಗಳನ್ನು ಹಗ್ಗದಿಂದ ಬಿಗಿದಾಗ ಅದು ಹೇಗೆ ಭಾರವನ್ನು ಹೊರಬಲ್ಲದೋ ಹಾಗೆ ಈ ಬಂಧಗಳಿಂದ ದೇಹವು ಭಾರ ಹೊರುತ್ತದೆ ಎಂದು ವಿವರಿಸಿದ್ದಾರೆ. ಇಂದಿನ ವೈದ್ಯರು ಲಿಗಮೆಂಟ್ ಎನ್ನುವುದು ಇವನ್ನೇ. (ಆಡುಮಾತಿನಲ್ಲಿ ನಾವು ಮಾಂಸಖಂಡಕ್ಕೆ ಸ್ನಾಯು ಎನ್ನುತ್ತೇವೆ, ಈ ಗೊಂದಲ ನನ್ನ ವಿದ್ಯಾರ್ಥಿದೆಸೆಯಲ್ಲಿ ಪರೀಕ್ಷೆಯ ಅಂಕಗಳನ್ನೂ ಕಳೆದಿದೆ.) ಆದರೆ ಈ ಹಗ್ಗಗಳು ಬರಿಯ ಹಗ್ಗಗಳಲ್ಲ. ಅವುಗಳೊಳಗೆ ಮತ್ತು ಸುತ್ತಲಿನ ಮಾಂಸಖಂಡಗಳೊಳಗೆ ಅತಿಸೂಕ್ಷ್ಮವಾದ ನರತುದಿಗಳಿವೆ. ಪಾದ ಎಷ್ಟು ಓರೆಯಾಗಿದೆ, ಎಷ್ಟು ವೇಗವಾಗಿ ಓರೆಯಾಗುತ್ತಿದೆ ಎಂಬ ಸುದ್ದಿಯನ್ನು ಅವು ಕ್ಷಣಕ್ಷಣಕ್ಕೂ ಮೆದುಳಿಗೆ ಮುಟ್ಟಿಸುತ್ತಿರುತ್ತವೆ. ಉಳುಕಿದಾಗ ಹಗ್ಗದೊಡನೆ ಈ ಸುದ್ದಿಯ ತಂತಿಯೂ ಜಖಂಗೊಳ್ಳುತ್ತದೆ. 1965ರಲ್ಲಿ ಇಂಗ್ಲೆಂಡಿನ ಫ್ರೀಮನ್ ಎಂಬ ಮೂಳೆವೈದ್ಯರೂ ಅವರ ಸಹಚರರೂ ಈ ವಿಷಯವನ್ನು ಮುಂದಿಟ್ಟು, ಉಳುಕಿದ ಪಾದವುಳ್ಳವರನ್ನು ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಿದರೆ ಪಾದ ಪದೇ ಪದೇ ಜಾರುವುದು ಕಡಿಮೆಯಾಗುತ್ತದೆಂದು ತೋರಿಸಿದರು. ನಾನು ಪದವಿ ಪಡೆಯುವುದಕ್ಕೂ ಬಹಳ ಹಿಂದಿನ ಮಾತು ಇದು. ನನಗೆ ತಿಳಿದದ್ದು ಆ ಹುಡುಗನ ಮೂರನೆಯ ಉಳುಕಿನ ನಂತರ.

ಅಂಗಸಮನ್ವಯವೆಂದರೆ ಇದೇ. ಕಣ್ಣು ಕಂಡದ್ದು, ಒಳಗಿವಿಯು ಅಳೆದ ದೇಹದ ಓಲು, ಕೀಲುಗಳಿಂದ ಬಂದ ಸುದ್ದಿ - ಈ ಮೂರನ್ನೂ ಒಂದುಗೂಡಿಸಿ, ಯಾವ ಮಾಂಸಖಂಡವು ಯಾವ ಕ್ಷಣದಲ್ಲಿ ಎಷ್ಟು ಬಲದಿಂದ ಬಿಗಿಯಬೇಕು, ಯಾವುದು ಸಡಿಲವಾಗಬೇಕು ಎಂದು ನಿರ್ಧರಿಸುವ ವ್ಯವಸ್ಥೆ. ತಲೆಯ ಹಿಂಬದಿಯ ಕಿರುಮೆದುಳು ಈ ಕಾರ್ಯದ ಮುಖ್ಯ ಲೆಕ್ಕಿಗ. ಆಯುರ್ವೇದವು ದೇಹದ ಸಕಲ ಚೇಷ್ಟೆಗಳಿಗೂ ವಾತವನ್ನೇ ಪ್ರವರ್ತಕವೆಂದು ಹೇಳುತ್ತದೆ. ಅದರಲ್ಲಿಯೂ ನಡೆಯುವುದು, ಬಾಗುವುದು, ಚಾಚುವುದು, ಕಣ್ಣು ಮಿಟುಕಿಸುವುದು ವ್ಯಾನವಾಯುವಿನ ಅಧೀನ. ಕೀಲುಗಳನ್ನು ಸ್ನಿಗ್ಧವಾಗಿಟ್ಟು ಹೊಂದಿಸುವುದು ಶ್ಲೇಷಕ ಕಫ. ಪ್ರಾಚೀನರು ನರತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರೆಂದು ನಾನು ವಾದಿಸುವವನಲ್ಲ. ಆದರೆ ಚಲನೆಗೆ ಬಲವೊಂದೇ ಸಾಲದು, ಅದನ್ನು ನಡೆಸುವ ಬೇರೊಂದು ತತ್ತ್ವ ಬೇಕು ಎಂಬುದನ್ನು ಅವರು ರೋಗಿಗಳನ್ನು ನೋಡಿಯೇ ಗುರುತಿಸಿದ್ದರು.

ಈಗ ಆಟಕ್ಕೆ ಬರೋಣ. ಕಾಲ್ಚೆಂಡನ್ನು ಎರಡು ಕಾಲಿನ ಆಟವೆಂದು ನಾವು ಭಾವಿಸುತ್ತೇವೆ. ಗಮನಿಸಿ ನೋಡಿದರೆ ಅದು ಒಂಟಿಕಾಲಿನ ಆಟ. ಚೆಂಡನ್ನು ಒದೆಯುವ ಕಾಲು ಗಾಳಿಯಲ್ಲಿರುವಾಗ ಇಡೀ ದೇಹದ ಭಾರವನ್ನು ಊರಿದ ಕಾಲೊಂದೇ ಹೊತ್ತಿರುತ್ತದೆ. ತಡೆಯುವಾಗ, ತಿರುಗುವಾಗ, ಎದುರಾಳಿಯನ್ನು ತಪ್ಪಿಸಿ ನುಗ್ಗುವಾಗಲೂ ಹಾಗೆಯೇ. ನೋಡುವವರ ಕಣ್ಣು ಒದೆಯುವ ಕಾಲಿನ ಮೇಲಿರುತ್ತದೆ. ಚೆಂಡು ಎಲ್ಲಿ ಹೋಗಬೇಕೆಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಊರಿದ ಕಾಲು. ಅದು ಅಲುಗಿದರೆ ಹೊಡೆತ ಓರೆಯಾಗುತ್ತದೆ, ಕೆಲವೊಮ್ಮೆ ಕೀಲೂ ಓರೆಯಾಗುತ್ತದೆ. ಮನೆಯಲ್ಲಿ ಮಕ್ಕಳನ್ನು ಒಂದೊಂದು ಕಾಲಿನ ಮೇಲೆ ನಿಲ್ಲಿಸಿ ನೋಡಿರಿ: ಮೊದಲು ಕಣ್ತೆರೆದು, ಆಮೇಲೆ ಕಣ್ಮುಚ್ಚಿ. ಕಣ್ಣು ಮುಚ್ಚಿದೊಡನೆ ಪಾದದ ನರಗಳು ಒಂದೇ ಸಮನೆ ತಿದ್ದುಪಡಿ ಮಾಡತೊಡಗುವುದನ್ನು ಅವರ ಹೆಬ್ಬೆರಳಿನಲ್ಲಿಯೇ ಕಾಣಬಹುದು. ಅರವತ್ತು ದಾಟಿದ ನನ್ನಂಥವರು ಈ ಪರೀಕ್ಷೆಯನ್ನು ಗೋಡೆಯ ಪಕ್ಕದಲ್ಲಿ, ಕಣ್ತೆರೆದೇ ಮಾಡಬೇಕು.

1970ರ ದಶಕದಲ್ಲಿ ಪೂರ್ವ ಜರ್ಮನಿಯ ಕ್ರೀಡಾವಿಜ್ಞಾನಿಗಳು ಈ ಸಮನ್ವಯವನ್ನು ಏಳು ಸಾಮರ್ಥ್ಯಗಳಾಗಿ ಬಿಡಿಸಿ ನೋಡಿದರು. ಸಮತೋಲನವನ್ನು ಈಗಾಗಲೇ ಹೇಳಿದೆ. ಎರಡನೆಯದು ಬಲದ ಹದ: ಐದು ಮಾರು ದೂರದ ಜೊತೆಗಾರನಿಗೆ ಎಷ್ಟು ತಳ್ಳಬೇಕು, ಇಪ್ಪತ್ತು ಮಾರಿಗೆ ಎಷ್ಟು ಒದೆಯಬೇಕು ಎಂಬ ಅಳತೆ ಕಾಲಿಗೇ ತಿಳಿದಿರಬೇಕು. ಹಿಟ್ಟು ನಾದುವಾಗ ನೀರಿನ ಹದವನ್ನು ನಮ್ಮ ತಾಯಂದಿರು ಅಳೆದು ಹಾಕುತ್ತಾರೆಯೇ? ಹಾಗೆ. ಮೈದಾನದಲ್ಲಿ ತಾನೆಲ್ಲಿ, ಗೋಲೆಲ್ಲಿ, ಜೊತೆಗಾರನೆಲ್ಲಿ ಎಂಬ ದಿಗ್ಜ್ಞಾನ ಮತ್ತೊಂದು. ಕಾಲಿನ ಚಲನೆಗೆ ಕೈ, ಸೊಂಟ, ತಲೆಗಳ ಚಲನೆಯನ್ನು ಜೋಡಿಸುವುದು, ಲಯ, ಪ್ರತಿಕ್ರಿಯೆ, ಕಡೆಯದಾಗಿ ಆರಂಭಿಸಿದ ಚಲನೆಯನ್ನು ನಡುವೆಯೇ ಬದಲಿಸುವುದು - ಇವು ಉಳಿದವು.

ಪ್ರತಿಕ್ರಿಯೆಯ ಬಗೆಗೆ ಒಂದು ಮಾತು. ಕಣ್ಣಿಗೆ ಕಂಡದ್ದಕ್ಕೆ ಕೈಕಾಲು ಅಲುಗಲು ಯಾವ ಮನುಷ್ಯನಿಗಾದರೂ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಬೇಕೇಬೇಕು. ಇದನ್ನು ತರಬೇತಿಯಿಂದ ತಗ್ಗಿಸಲು ಸಾಧ್ಯವಾಗುವುದು ಅತ್ಯಲ್ಪ. ಹಾಗಾದರೆ ಒಳ್ಳೆಯ ಆಟಗಾರನು ಹೇಗೆ ಮುಂಚೆಯೇ ಸಿದ್ಧನಾಗಿರುತ್ತಾನೆ? ಅವನು ಮುಂಚೆಯೇ ನೋಡಿರುತ್ತಾನೆ. ನಾರ್ವೆಯ ಗೈರ್ ಯೋರ್ಡೆಟ್ ಎಂಬ ಸಂಶೋಧಕರು ಇಂಗ್ಲೆಂಡಿನ ಉನ್ನತ ಲೀಗಿನ ಆಟಗಾರರನ್ನು ವೀಕ್ಷಿಸಿ, ಚೆಂಡು ತಮ್ಮ ಬಳಿಗೆ ಬರುವ ಮುನ್ನ ತಲೆ ತಿರುಗಿಸಿ ಸುತ್ತಲೂ ಹೆಚ್ಚು ನೋಡುವವರ ಪಾಸುಗಳು ಹೆಚ್ಚು ಸಫಲವಾಗುತ್ತವೆಂದು ಕಂಡುಕೊಂಡರು. ಚೆಂಡಿನ ಮೇಲೆಯೇ ಕಣ್ಣು ನೆಟ್ಟಿರು ಎಂದು ಮಕ್ಕಳಿಗೆ ಕೂಗಿ ಹೇಳುವ ಹಿರಿಯರು ಇದನ್ನು ಗಮನಿಸಬೇಕು. ಚೆಂಡಿನ ಸುಳಿವು ಪಾದಕ್ಕೆ ಸ್ಪರ್ಶದಿಂದ ಸಿಗುವಂತಾದಾಗ ಮಾತ್ರ ಕಣ್ಣಿಗೆ ಬಿಡುವು ದೊರೆಯುತ್ತದೆ.

ಈ ಏಳನ್ನೂ ಓದುತ್ತಿದ್ದಾಗ ನನಗೆ ನೆನಪಾದದ್ದು ನಮ್ಮ ಬೀದಿಯ ಕುಂಟಾಬಿಲ್ಲೆ. ನೆಲದ ಮೇಲೆ ಮನೆಗಳನ್ನು ಗೆರೆ ಹಾಕಿ, ಬಿಲ್ಲೆ ಎಸೆದು, ಒಂಟಿಕಾಲಿನಲ್ಲಿ ಕುಂಟುತ್ತ, ಅದೇ ಕಾಲಿನಿಂದ ಬಿಲ್ಲೆಯನ್ನು ಮುಂದಿನ ಮನೆಗೆ ತಳ್ಳಬೇಕು; ಗೆರೆ ತುಳಿದರೆ ಔಟು, ಬಿಲ್ಲೆ ಗೆರೆಯ ಮೇಲೆ ನಿಂತರೂ ಔಟು. ಸಮತೋಲನವೂ ಇದೆ, ಬಲದ ಹದವೂ ಇದೆ, ಗೆರೆಯ ಅರಿವೂ ಇದೆ. ದುಬಾರಿ ತರಬೇತಿ ಕೇಂದ್ರಗಳಲ್ಲಿ ನೆಲದ ಮೇಲೆ ಹಗ್ಗದ ಏಣಿಯನ್ನು ಹಾಸಿ ಕಲಿಸುವ ಪಾದಚಲನೆಗಿಂತ ಇದು ಒಂದು ಕೈ ಮೇಲೆಯೇ, ಏಣಿಯಲ್ಲಿ ಬಿಲ್ಲೆಯಿಲ್ಲ. ಹೆಣ್ಣುಮಕ್ಕಳ ಆಟವೆಂದು ಗಂಡುಹುಡುಗರು ಇದನ್ನು ಕೀಳಾಗಿ ಕಂಡದ್ದರಿಂದ ನಷ್ಟವಾದದ್ದು ಅವರಿಗೆ.

ಖೋ ಖೋ ಇನ್ನೂ ಸಂಪನ್ನ. ಸಾಲಿನಲ್ಲಿ ಒಬ್ಬರಾದ ಮೇಲೊಬ್ಬರು ಎದುರುಬದುರು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ. ಬೆನ್ನಹಿಂದಿನ 'ಖೋ' ಎಂಬ ದನಿಗೆ ಕುಕ್ಕರುಗಾಲಿನಿಂದ ಚಿಮ್ಮಿ ಏಳಬೇಕು; ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ಸಾಲನ್ನು ನಡುವೆ ದಾಟುವಂತಿಲ್ಲ. ಓಡುವವನಾದರೋ ಬೆನ್ನಟ್ಟುವವನ ಭುಜವನ್ನೇ ನೋಡಿ ತನ್ನ ಹೆಜ್ಜೆಯನ್ನು ಅರ್ಧದಲ್ಲಿಯೇ ಮುರಿಯಬೇಕು. ಕಾಲ್ಚೆಂಡಾಟದಲ್ಲಿ ಎದುರಾಳಿಯನ್ನು ಏಮಾರಿಸುವುದಕ್ಕೆ ಇದಕ್ಕಿಂತ ಉತ್ತಮ ಪೂರ್ವಪಾಠವನ್ನು ನಾನು ಕಂಡಿಲ್ಲ. ಇನ್ನು ಲಯಕ್ಕೆ ನಮ್ಮ ಜಾತ್ರೆಗಳ ನಂದಿಕೋಲು ಕುಣಿತವನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಆಳೆತ್ತರಕ್ಕಿಂತ ಎಷ್ಟೋ ಮೇಲಕ್ಕೆ ಚಾಚಿದ ಭಾರವಾದ ಕೋಲನ್ನು ಸೊಂಟದ ಪಟ್ಟಿಗೆ ಊರಿಕೊಂಡು, ಸಮಾಳದ ಗತ್ತಿಗೆ ಹೆಜ್ಜೆ ಹಾಕುವವನ ಪಾದಗಳನ್ನು ನೋಡಬೇಕು. ಮೇಲೆ ಕೋಲು ಅಂಗುಲದಷ್ಟು ವಾಲಿದರೂ ಕೆಳಗೆ ಹಿಮ್ಮಡಿಗೆ ಸುದ್ದಿ ಮುಟ್ಟಿರುತ್ತದೆ. ಅವರು ಅದನ್ನು ಕಲಿತದ್ದು ಚಿಕ್ಕಂದಿನಲ್ಲಿ ಸಣ್ಣ ಬಿದಿರುಗಳನ್ನು ಹಿಡಿದು ಹಿರಿಯರ ಹಿಂದೆ ಕುಣಿಯುತ್ತ.

ಬರಿಗಾಲಿನ ಪ್ರಶ್ನೆ ಇಲ್ಲಿ ಏಳುತ್ತದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸನ್ನು ಎದುರಿಸಿದಾಗ ನಮ್ಮವರಲ್ಲಿ ಹೆಚ್ಚಿನವರು ಬೂಟಿಲ್ಲದೆ ಆಡಿದರು. ಅಂದು ಭಾರತದ ಏಕೈಕ ಗೋಲನ್ನು ಹೊಡೆದವರು ಮೈಸೂರು ಸಂಸ್ಥಾನದ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಪಂದ್ಯ ಮುಗಿಯುವ ಹೊತ್ತಿಗೆ ಫ್ರಾನ್ಸ್ 2-1ರಿಂದ ಗೆದ್ದಿತು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಅವರ ಚೆಂಡಿನ ಹಿಡಿತವನ್ನು ಕಂಡವರು ಅವರನ್ನು ಹಾವಾಡಿಗನೆಂದು ಕರೆದರು. ನಾಲ್ಕು ವರ್ಷಗಳ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯದ ವಿರುದ್ಧ ಭಾರತವು 10-1ರಿಂದ ಸೋತಿತು. ಆ ಒಂದು ಗೋಲೂ ಅಹಮದ್ ಖಾನರದೇ. ಆ ಸೋಲಿನ ನಂತರ ಬೂಟು ಕಡ್ಡಾಯವಾಯಿತು. ಬೂಟು ತೊಟ್ಟು ಹೋದ ತಂಡ 1956ರ ಮೆಲ್ಬರ್ನ್‌ನಲ್ಲಿ ನಾಲ್ಕನೆಯ ಸ್ಥಾನ ಗಳಿಸಿತು. ಬೆಂಗಳೂರಿನ ಕೆಂಪಯ್ಯ ಆ ತಂಡದವರು.

ಈ ಕಥೆಯಿಂದ ಎರಡು ಪಾಠಗಳನ್ನು ನಾನು ತೆಗೆದುಕೊಂಡಿದ್ದೇನೆ. ಬರಿಪಾದವು ನೆಲದ ಸುದ್ದಿಯನ್ನು ಚೆನ್ನಾಗಿ ತರುತ್ತದೆ. ಚಿಕ್ಕಂದಿನಲ್ಲಿ ಬರಿಗಾಲಿನಲ್ಲಿ ಮರಳು, ಹುಲ್ಲು, ಹದವಾದ ಮಣ್ಣಿನ ಮೇಲೆ ಆಡಿದ ಮಗುವಿನ ಪಾದದ ಕಮಾನು ಮತ್ತು ಬೆರಳುಗಳು ಚುರುಕಾಗಿರುತ್ತವೆ. ಆದರೆ ಪಂದ್ಯದಲ್ಲಿ, ಬೂಟು ತೊಟ್ಟವರೆದುರು, ಬರಿಗಾಲು ಸಲ್ಲದು. ಚರಕ, ಸುಶ್ರುತರೂ ಪಾದತ್ರಾಣವನ್ನು ಹೊಗಳಿದ್ದಾರೆಯೇ ಹೊರತು ಬರಿಗಾಲನ್ನಲ್ಲ. ಕಣ್ಣಿಗೆ ಹಿತವೆಂದೂ ಹೇಳಿದ್ದಾರೆ. ನಮ್ಮ ದುರ್ಗದ ಸುತ್ತಲಿನ ನೆಲವಂತೂ ಜಾಲಿಮುಳ್ಳು ಮತ್ತು ಬೆಣಚುಕಲ್ಲಿನ ನೆಲ. ಗುಡಿಸಿ ಹಸನು ಮಾಡಿದ ಅಂಗಳದಲ್ಲಿ ಹತ್ತು-ಹದಿನೈದು ನಿಮಿಷ ಬರಿಗಾಲಿನ ಅಭ್ಯಾಸ, ಉಳಿದದ್ದು ಬೂಟಿನಲ್ಲಿ: ಇಷ್ಟು ಸಾಕು. ಸಕ್ಕರೆ ರೋಗವುಳ್ಳ ಹಿರಿಯರು ಮಕ್ಕಳನ್ನು ನೋಡಿ ಬರಿಗಾಲಾಗಬಾರದು.

ಯಾವ ವಯಸ್ಸಿನಲ್ಲಿ ಕಲಿಸಬೇಕು? ಆರೇಳು ವರ್ಷದಿಂದ ಹನ್ನೆರಡರವರೆಗೆ ಹೊಸ ಚಲನೆಗಳನ್ನು ಮಕ್ಕಳು ಅತಿ ಸುಲಭವಾಗಿ ಗ್ರಹಿಸುತ್ತಾರೆ. ಈ ಅವಧಿಯಲ್ಲಿ ಒಂದೇ ಆಟಕ್ಕೆ ಕಟ್ಟಿಹಾಕದೆ ಮರ ಹತ್ತುವುದು, ಈಜು, ಲಗೋರಿ, ಬುಗುರಿ ಎಲ್ಲವೂ ಇರಲಿ. ವಾಗ್ಭಟರು ವ್ಯಾಯಾಮವನ್ನು ಬಿಡಬೇಕಾದವರ ಸಾಲಿನಲ್ಲಿ ಬಾಲಕರನ್ನೂ ಸೇರಿಸಿದ್ದಾರೆ. ಇದನ್ನು ಓದಿ ಕೆಲವರು ಮಕ್ಕಳು ಆಡಲೇಬಾರದೆಂದು ತಿಳಿಯುತ್ತಾರೆ. ಅಲ್ಲಿ ವ್ಯಾಯಾಮವೆಂದರೆ ದೇಹಕ್ಕೆ ಆಯಾಸ ತರುವ ಶ್ರಮ. ಹತ್ತು ವರ್ಷದ ಹುಡುಗನನ್ನು ಮೈದಾನದ ಸುತ್ತ ಹದಿನೈದು ಸುತ್ತು ಓಡಿಸುವುದು, ಭಾರ ಎತ್ತಿಸುವುದು ಆ ಶ್ರಮದ ಜಾತಿಗೆ ಸೇರಿದ್ದು. ಬಾಲಕ್ರೀಡೆ ಬೇರೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಆಮೇಲೆ ಬರುವುದು ಕಠಿಣ ಕಾಲ. ಹೆಣ್ಣುಮಕ್ಕಳಿಗೆ ಸುಮಾರು 11-12ರಲ್ಲಿ, ಗಂಡುಮಕ್ಕಳಿಗೆ 13-14ರಲ್ಲಿ ಎತ್ತರವು ವರ್ಷಕ್ಕೆ 8ರಿಂದ 10 ಸೆಂಟಿಮೀಟರಿನಷ್ಟು ಏರುವುದುಂಟು. ಮೂಳೆ ಬೇಗ ಬೆಳೆಯುತ್ತದೆ. ಮೆದುಳಿನಲ್ಲಿರುವ ದೇಹದ ನಕ್ಷೆ ಮಾತ್ರ ಹಳೆಯ ಅಳತೆಯದೇ ಆಗಿರುತ್ತದೆ. ಮೊನ್ನೆಯವರೆಗೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುತ್ತಿದ್ದವನು ಎಡವುತ್ತಾನೆ, ಮನೆಯಲ್ಲಿ ಲೋಟ ಬೀಳಿಸುತ್ತಾನೆ. ಸೋಮಾರಿ, ಗಮನವಿಲ್ಲದವ ಎಂದು ಬೈಯುವ ಕಾಲವಲ್ಲ ಅದು. ಎಷ್ಟೋ ಮಕ್ಕಳು ಆಟವನ್ನು ಬಿಟ್ಟುಬಿಡುವುದು ಈ ಬೈಗುಳಿನಿಂದ. ಕೆಲವು ತಿಂಗಳು ಸರಳ ಪಾಠಗಳಿಗೆ ಹಿಂದಿರುಗಿದರೆ ಹಿಡಿತವು ಮರಳುತ್ತದೆ. ಇದೇ ಕಾಲದಲ್ಲಿ ಮಂಡಿಚಿಪ್ಪಿನ ಕೆಳಗಿನ ಗುಬುಟು ನೋಯತೊಡಗಿದರೆ ಓಟ-ಜಿಗಿತಗಳನ್ನು ತಗ್ಗಿಸಿ ವೈದ್ಯರಿಗೆ ತೋರಿಸಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: ಮಂಡಿಯೊಳಗಿನ ಅಡ್ಡನಾರು ಹರಿಯುವ ಅಪಾಯ ಅವರಿಗೆ ಗಂಡುಮಕ್ಕಳಿಗಿಂತ ಎರಡು-ಮೂರು ಪಟ್ಟು ಹೆಚ್ಚು. ಜಿಗಿದು ಇಳಿಯುವಾಗ ಮಂಡಿಗಳು ಒಳಕ್ಕೆ ಕೂಡಿಕೊಳ್ಳುವುದು ಇದಕ್ಕೆ ಒಂದು ಕಾರಣ. ಮಂಡಿಯನ್ನು ಬಾಗಿಸಿ, ಪಾದದ ನೇರಕ್ಕೇ ಇಟ್ಟು, ಸದ್ದಿಲ್ಲದೆ ಇಳಿಯುವುದನ್ನು ಕಲಿಸಬೇಕು. ಬೆಕ್ಕು ಇಳಿದಂತೆ ಇಳಿಯಿರಿ ಎಂದರೆ ಮಕ್ಕಳಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ.

ಇದರಿಂದ ಪ್ರಯೋಜನವಾಗುವುದೇ ಎಂದು ಕೇಳುವವರಿಗೆ ಉತ್ತರವಿದೆ. ಓಟ, ಸಮತೋಲನ, ಜಿಗಿತ, ಬಲಸಾಧನೆಗಳನ್ನು ಸೇರಿಸಿ ಸುಮಾರು 20 ನಿಮಿಷದ ಒಂದು ಪೂರ್ವಾಭ್ಯಾಸವನ್ನು ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ರೂಪಿಸಿದೆ. ಅದರ ಹೆಸರು 'ಇಲೆವೆನ್ ಪ್ಲಸ್'. ನಾರ್ವೆಯಲ್ಲಿ 13ರಿಂದ 17 ವರ್ಷದ 1,892 ಆಟಗಾರ್ತಿಯರ ಮೇಲೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದನ್ನು ಮಾಡಿದವರಿಗೆ ಒಟ್ಟು ಗಾಯಗಳು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾದವು. ಚಿಕ್ಕಮಕ್ಕಳಿಗೆಂದು ಮಾಡಿದ ರೂಪವನ್ನು ಯುರೋಪಿನ ನಾಲ್ಕು ದೇಶಗಳಲ್ಲಿ ಪರೀಕ್ಷಿಸಿದಾಗ ಗಾಯಗಳು ಅರ್ಧದಷ್ಟು ಇಳಿದವು. ಯಾವ ಮಾತ್ರೆ, ಯಾವ ತೈಲವೂ ಇಷ್ಟನ್ನು ಸಾಧಿಸಿದ್ದನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿಲ್ಲ.

ನಮ್ಮ ಹಳ್ಳಿಯ ಶಾಲೆಗಳಲ್ಲಿ ಸಲಕರಣೆಗಳಿಲ್ಲವೆಂಬ ಕೊರಗು ಬೇಡ. ಒಡೆದ ತೆಂಗಿನಕಾಯಿಯ ಚಿಪ್ಪುಗಳನ್ನು ಒಂದೊಂದು ದೊಡ್ಡ ಹೆಜ್ಜೆಯ ಅಂತರದಲ್ಲಿ ಬೋರಲು ಹಾಕಿ, ಅವುಗಳ ನಡುವೆ ಹಾವು ಹರಿದಂತೆ ಚೆಂಡನ್ನು ಒಯ್ಯಲಿ. ಮೊದಲು ಬಲಗಾಲು, ಆಮೇಲೆ ಎಡಗಾಲು, ಆಮೇಲೆ ಎರಡೂ. ಒಂಟಿಕಾಲಿನ ಮೇಲೆ ನಿಂತು ಇಬ್ಬರು ಕೈಯಿಂದ ಚೆಂಡನ್ನು ಎಸೆದು ಹಿಡಿಯಲಿ, ಕಾಲು ಬದಲಾಯಿಸಲಿ. ಸುಣ್ಣದ ಪುಡಿಯಲ್ಲಿ ಒಂದೂವರೆ ಅಡಿಯ ಚೌಕಗಳನ್ನು ಬರೆದು ಕುಂಟುತ್ತ ಸಾಗಲಿ. ಇಬ್ಬರು ಪಾಸ್ ಮಾಡುವಾಗ ಮೂರನೆಯವನು ಬದಿಯಲ್ಲಿ ನಿಂತು ಬೆರಳೆತ್ತಲಿ. ಚೆಂಡು ಕಾಲಿಗೆ ತಗಲುವ ಮುನ್ನ ಎಷ್ಟು ಬೆರಳೆಂದು ಕೂಗಿ ಹೇಳಬೇಕು. ಈ ಕೊನೆಯದು ಮಕ್ಕಳಿಗೆ ಬಲು ಮೋಜು, ಕಣ್ಣನ್ನು ಚೆಂಡಿನಿಂದ ಎತ್ತಿಸಲು ಇದಕ್ಕಿಂತ ಸುಲಭ ಉಪಾಯವಿಲ್ಲ. ಒಂದು ವಾರ ದೊಡ್ಡ ಚೆಂಡು, ಮುಂದಿನ ವಾರ ಟೆನಿಸ್ ಚೆಂಡು, ಇನ್ನೊಮ್ಮೆ ಹಳೆಯ ಬಟ್ಟೆ ಸುತ್ತಿದ ಚೆಂಡು ಕೊಡಿ. ಅಭ್ಯಾಸವು ರೂಢಿಯಾಗಿ ಸಲೀಸಾದೊಡನೆ ಅದರ ಉಪಯೋಗ ಕುಂದುತ್ತದೆ, ಏನಾದರೊಂದನ್ನು ಬದಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ಅನೇಕ ಕಡೆ ಮೊದಲು ಸುತ್ತು ಓಡಿಸಿ, ಮಕ್ಕಳು ಬಳಲಿದ ಮೇಲೆ ಚೆಂಡು ಕೊಡುವ ಪದ್ಧತಿಯಿದೆ. ಬಳಲಿದ ದೇಹ ತಪ್ಪು ಚಲನೆಯನ್ನೇ ಮಾಡುತ್ತದೆ, ಮಾಡಿದ್ದನ್ನೇ ಮೆದುಳು ಕಲಿಯುತ್ತದೆ. ಸಮನ್ವಯದ ಅಭ್ಯಾಸಗಳು ಮೈ ಬೆಚ್ಚಗಾದೊಡನೆ, ಮನಸ್ಸು ತಾಜಾ ಇರುವಾಗ, ವಾರಕ್ಕೆ ಮೂರು ದಿನ, ಹದಿನೈದರಿಂದ ಇಪ್ಪತ್ತು ನಿಮಿಷ ನಡೆಯಲಿ. ವ್ಯಾಯಾಮವನ್ನು ಅರ್ಧಬಲದವರೆಗೆ ಮಾತ್ರ ಮಾಡಬೇಕೆಂಬುದು ನಮ್ಮ ಆಚಾರ್ಯರ ಒಮ್ಮತ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗುವುದು ಅದರ ಗುರುತು. ಮಿತಿ ಮೀರಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುವನೆಂದೂ ಎಚ್ಚರಿಸಿದ್ದಾರೆ. ಬೇಸಿಗೆಯಲ್ಲಿ ಆ ಅರ್ಧಕ್ಕಿಂತಲೂ ಕಡಿಮೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ಕ್ಷೇಮ.

ಕಲಿತದ್ದು ಬೇರೂರುವುದು ನಿದ್ರೆಯಲ್ಲಿ. ರಾತ್ರಿ ಹನ್ನೊಂದರವರೆಗೆ ಮೊಬೈಲಿನಲ್ಲಿ ಇತರರ ಗೋಲುಗಳನ್ನು ನೋಡುವ ಹುಡುಗನು ತನ್ನ ಗೋಲಿಗೆ ಬೇಕಾದ ನಿದ್ರೆಯನ್ನೇ ಕಳೆದುಕೊಳ್ಳುತ್ತಾನೆ. ಆಹಾರಕ್ಕೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ, ಮಜ್ಜಿಗೆ ಇರುವ ಮನೆಯಲ್ಲಿ ಡಬ್ಬಿಯ ಪುಡಿಗಳ ಅಗತ್ಯವಿಲ್ಲ. ಬ್ರಾಹ್ಮಿ, ಅಶ್ವಗಂಧಗಳನ್ನು ಕೊಟ್ಟರೆ ಆಟ ಚುರುಕಾಗುವುದೇ ಎಂದು ತಾಯಂದಿರು ಕೇಳುತ್ತಾರೆ. ಚೆಂಡಿನ ಹಿಡಿತವನ್ನು ಕೊಡುವ ಔಷಧಿ ನನ್ನ ಕಪಾಟಿನಲ್ಲಿಲ್ಲ. ವೈದ್ಯರನ್ನು ಕೇಳದೆ ಮಕ್ಕಳಿಗೆ ಇವನ್ನು ಕೊಡಲೂಬಾರದು. ಪಾದಾಭ್ಯಂಗವನ್ನು ಮಾತ್ರ ನಿಸ್ಸಂಕೋಚವಾಗಿ ಹೇಳುತ್ತೇನೆ. ರಾತ್ರಿ ಮಲಗುವ ಮುನ್ನ ಎಳ್ಳೆಣ್ಣೆಯಿಂದ ಪಾದಗಳನ್ನು ತಿಕ್ಕಿದರೆ ಒರಟುತನ, ಜೋಮು, ಬಳಲಿಕೆಗಳು ಶಮನವಾಗಿ ಪಾದಗಳಿಗೆ ಸ್ಥೈರ್ಯ ಬರುವುದೆಂದು ಚರಕಸಂಹಿತೆ ಹೇಳುತ್ತದೆ. ಅಭ್ಯಾಸದ ಬದಲಿಗೆ ಅಲ್ಲ, ಅಭ್ಯಾಸದ ಜೊತೆಗೆ.

ಉಳುಕಿದಾಗ ಏನು ಮಾಡಬೇಕೆಂಬುದನ್ನು ಹೇಳದೆ ಮುಗಿಸಿದರೆ ನನ್ನ ತಪ್ಪು ಮತ್ತೊಬ್ಬರಲ್ಲಿ ಮರುಕಳಿಸೀತು. ಗಾಯವಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಪಾದದ ಗಣ್ಣಿನ ಮೂಳೆಯನ್ನು ಒತ್ತಿದಾಗ ತೀವ್ರ ನೋವಿದ್ದರೆ, ಎಕ್ಸ್-ರೇ ಆಗಲೇಬೇಕು. ಉಳುಕು ತೆಗೆಯುತ್ತೇವೆಂದು ಹಸಿಗಾಯವನ್ನು ಎಳೆದು ತಿರುಚಿಸುವುದು ಬೇಡ. ಮೊದಲ ಎರಡು-ಮೂರು ದಿನ ತಣ್ಣನೆಯ ಪಟ್ಟಿ, ಬಿಗಿಯಿಲ್ಲದ ಕಟ್ಟು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು; ಹುಣಸೆ-ಉಪ್ಪಿನ ಲೇಪವಾಗಲಿ ವೈದ್ಯರು ಕೊಟ್ಟ ಲೇಪವಾಗಲಿ ಚರ್ಮ ಒಡೆದಿರದಿದ್ದರೆ ಮಾತ್ರ. ನೋವು ಇಳಿದು ಭಾರ ಊರಲು ಬಂದೊಡನೆ ಒಂಟಿಕಾಲಿನ ಅಭ್ಯಾಸ ಆರಂಭವಾಗಲಿ: ಗೋಡೆ ಹಿಡಿದು, ಬಿಟ್ಟು, ಕಣ್ಮುಚ್ಚಿ, ಕೊನೆಗೆ ಮಡಿಸಿದ ಕಂಬಳಿಯ ಮೇಲೆ. ಹಲ್ಲುಜ್ಜುವಾಗ ಒಂದು ಕಾಲು, ತಲೆ ಬಾಚುವಾಗ ಇನ್ನೊಂದು ಎಂದು ನಾನು ಹೇಳಿಕೊಡುತ್ತೇನೆ. ಬೇರೆ ಸಮಯ ಬೇಕಾಗುವುದಿಲ್ಲ. ಗಾಯದ ಕಾಲು ಒಳ್ಳೆಯ ಕಾಲಿನಷ್ಟೇ ಹೊತ್ತು ನಿಂತು, ನೋವಿಲ್ಲದೆ ಕುಂಟಿ, ತಿರುಗಬಲ್ಲದಾದಾಗ ಮಾತ್ರ ಪಂದ್ಯ. ಆ ಹುಡುಗನಿಗೆ ಇದಕ್ಕೆ ಎಂಟು ವಾರ ಹಿಡಿಯಿತು. ನಾಲ್ಕನೆಯ ಉಳುಕಿಗೆಂದು ಅವನು ನನ್ನ ಬಳಿ ಬರಲಿಲ್ಲ. ಅಜ್ಜಿಯ ಮಂಡಿನೋವಿನ ಎಣ್ಣೆಗೆ ಬಂದಾಗ ಕಟ್ಟೆಯ ಪಕ್ಕ ಬಲಗಾಲಿನ ಮೇಲೆ ಕೊಕ್ಕರೆಯಂತೆ ನಿಂತಿದ್ದ.

ಕಡೆಯದಾಗಿ ನಮ್ಮ ಊರಿನ ಮಕ್ಕಳಿಗೆ ಒಂದು ಮಾತು. ದುರ್ಗದ ಮೆಟ್ಟಿಲುಗಳನ್ನು ಹತ್ತುವುದು ಕಾಲಿಗೆ ಬಲವನ್ನೂ ಎದೆಗೆ ಉಸಿರನ್ನೂ ಕೊಡುತ್ತದೆ, ಹತ್ತಿರಿ. ಆದರೆ ಭರತ ಹುಣ್ಣಿಮೆಯ ಜನಸಂದಣಿಯಲ್ಲಿ ಪಂದ್ಯ ಕಟ್ಟಿಕೊಂಡು ಮೆಟ್ಟಿಲನ್ನು ಓಡುತ್ತ ಇಳಿಯುವ ಹುಡುಗರನ್ನು ಪ್ರತಿವರ್ಷ ನೋಡುತ್ತೇನೆ. ಸವೆದ ಕಲ್ಲಿನ ಮೇಲೆ, ಬಳಲಿದ ಕಾಲಿನಲ್ಲಿ, ಇಳಿಯುವ ಓಟ ತರಬೇತಿಯಲ್ಲ. ಹತ್ತುವಾಗ ಎಷ್ಟು ಬೇಗ ಬೇಕಾದರೂ ಹತ್ತಿರಿ. ಇಳಿಯುವಾಗ ಅಜ್ಜಿಯರ ಕೈಹಿಡಿದುಕೊಂಡು ಅವರ ಹೆಜ್ಜೆಗೆ ಇಳಿಯಿರಿ.